ತಂಪಣ್ಣನ ಸರದಿ

ಅಂಗಡಿಯ ಬೋರ್ಡಿನ ಮೇಲೆ ಅವನ ಹೆಸರು ದಪ್ಪ ಅಕ್ಷರದಲ್ಲಿಯೇ ಇತ್ತು. ಆದರೆ ಆ ಹೆಸರಿನಿಂದ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಫ್ರಿಜ್ ರಿಪೇರಿ ಮಾಡುವವನು, ಸಾಲದ್ದಕ್ಕೆ ಯಾರು ಏನಂದರೂ ಬಿಸಿಯಾಗದವನು. ಹಾಗಾಗಿ ಬೀದಿಗೆಲ್ಲ ಅವನು ತಂಪಣ್ಣ. ಹೆಂಡತಿಯ ಕಡೆಯ ನೆಂಟರು ಕೂಡ ಮದುವೆಯಾದ ವರ್ಷವೇ ಆ ಹೆಸರಿಗೆ ಒಗ್ಗಿಹೋಗಿದ್ದರು.

ಅವನು ಬಿಸಿಯಾಗದಿರುವುದಕ್ಕೆ ಕಾರಣ ಬೇರೆಯೇ ಇತ್ತು. ಜಗಳವಾಡಬೇಕಾದರೆ ಮಾತು ಬೇಕು, ಅದೂ ಸರಾಗವಾದ ಮಾತು. ತಂಪಣ್ಣನಿಗೆ ಚಿಕ್ಕಂದಿನಿಂದ ಉಗ್ಗು. ಕ, ಗ, ಪ, ಸ, ಹ ಇವೆಲ್ಲ ಅವನ ನಾಲಿಗೆಯ ಮುಂದೆ ಬೀಗ ಹಾಕಿದ ಬಾಗಿಲಂತೆ ನಿಂತುಬಿಡುತ್ತಿದ್ದವು. ಹಿಡಿದ ಕಸುಬೋ, ಅದರ ಮುಖ್ಯ ಪದಗಳೆಲ್ಲ ಆ ಅಕ್ಷರಗಳಿಂದಲೇ ಶುರು: ಕಂಪ್ರೆಸರ್, ಗ್ಯಾಸ್, ಪೈಪು. ಅವನು ಉಪಾಯವಾಗಿ ಕಂಪ್ರೆಸರನ್ನು ‘ಮೋಟಾರು’ ಎನ್ನುತ್ತಿದ್ದ, ಪೈಪನ್ನು ‘ನಳಿಗೆ’ ಎನ್ನುತ್ತಿದ್ದ. ಅವನ ಬಾಯಲ್ಲಿ ನಳಿಗೆ ಎಂಬ ಪದ ಕೇಳಿದ ಕೆಲವರು, ಮನುಷ್ಯ ಸ್ವಲ್ಪ ಓದಿಕೊಂಡವನಿರಬೇಕು ಅಂದುಕೊಂಡದ್ದೂ ಉಂಟು.

ಉಪಾಯವಿಲ್ಲದ ಪದಗಳ ಗತಿ ಬೇರೆ. ಒಮ್ಮೆ ಒಬ್ಬರ ಮನೆಯಲ್ಲಿ ಫ್ರಿಜ್‌ನ ಬಾಗಿಲ ಅಂಚಿನ ರಬ್ಬರು ಸೀಳಿತ್ತು. ಅದಕ್ಕೆ ಗ್ಯಾಸ್ಕೆಟ್ ಎನ್ನುತ್ತಾರೆ. ತಂಪಣ್ಣ “ಗ್ಯಾ... ಗ್ಯಾಸ್...” ಅನ್ನುವಷ್ಟರಲ್ಲಿ ಮನೆಯಾಕೆ, “ಅಯ್ಯೋ, ಗ್ಯಾಸ್ ಮುಗೀತಾ! ನಾನು ಆಗ್ಲೇ ಅಂದ್ಕೊಂಡೆ” ಎಂದು ಗಂಡನನ್ನು ಕೂಗಿ ಕರೆದರು. ಅಲ್ಲ ಎನ್ನಬೇಕಾದರೆ ಮತ್ತೆ ಮೊದಲಿಂದ ಶುರು ಮಾಡಬೇಕು. ತಂಪಣ್ಣ ತಲೆಯಾಡಿಸಿದ. ಸುಮ್ಮನೆ ಕೂತು ರಬ್ಬರು ಬದಲಾಯಿಸಿದ. ಸಂಜೆ ಹೆಂಡತಿ ಫೋನ್ ಮಾಡಿ ಆ ಮನೆಯವರಿಗೆ ನಿಜಸಂಗತಿ ತಿಳಿಸಬೇಕಾಯಿತು.

ಅಂಗಡಿಯ ಫೋನು ಹೆಂಡತಿಯದು. ಲೆಕ್ಕ, ನೆಂಟರು, ಮಗಳ ಶಾಲೆಯ ಮೇಷ್ಟರು, ಎಲ್ಲರೊಡನೆಯೂ ಮಾತು ಅವಳದೇ. ಅವನು ಬಾಯಿ ತೆರೆದರೆ ಸಾಕು, ಏನು ಹೇಳಲು ಹೊರಟಿದ್ದಾನೆಂದು ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾಗದಿದ್ದರೂ ಗೊತ್ತಾದಂತೆ ಹೇಳಿ ಮುಗಿಸುತ್ತಿದ್ದಳು. ಗಂಡನ ಮುಖದ ಆ ಒದ್ದಾಟವನ್ನು ಪರರು ನೋಡುವುದು ಅವಳಿಗೆ ಸಹಿಸದು. ಪ್ರೀತಿಯಿಂದಲೇ ಮಾಡುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು.

ಊರಂಚಿನಲ್ಲಿ ನಗರಸಭೆಗೆ ಸೇರಿದ ಹಳೆಯ ಗಾಲ್ಫ್ ಮೈದಾನವಿತ್ತು. ದೊಡ್ಡ ಮನುಷ್ಯರ ಕ್ಲಬ್ಬೇನಲ್ಲ. ಹುಲ್ಲು ಅಲ್ಲಲ್ಲಿ ಬೋಳಾದ, ಯಾರು ಬೇಕಾದರೂ ಹೋಗಿ ಆಡಬಹುದಾದ ಜಾಗ. ಅಲ್ಲಿಯ ಕ್ಯಾಂಟೀನಿನ ಫ್ರಿಜ್ ತಣ್ಣಗಾಗುತ್ತಿಲ್ಲವೆಂದು ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು. ತಂಪಣ್ಣ ಸಾಮಾನಿನ ಪೆಟ್ಟಿಗೆ ಹಿಡಿದು ಹೋದ.

ಫ್ರಿಜ್ಜಿನ ಹಿಂಭಾಗದ ಧೂಳು ಒರೆಸುತ್ತ ಕಿಟಕಿಯಾಚೆ ನೋಡಿದವನಿಗೆ ವಿಚಿತ್ರವಾದದ್ದೊಂದು ಕಂಡಿತು. ನಾಲ್ಕೈದು ಜನ ಹುಲ್ಲಿನ ಮೇಲೆ ಕಲ್ಲಿನ ಹಾಗೆ ನಿಂತಿದ್ದರು. ಮಾತಿಲ್ಲ, ಕೆಮ್ಮಿಲ್ಲ. ಒಬ್ಬ ದಪ್ಪನೆಯ ಮನುಷ್ಯ ಬಾಯಿಗೆ ಹಾಕಬೇಕೆಂದಿದ್ದ ಬಿಸ್ಕತ್ತನ್ನು ಅರ್ಧದಲ್ಲೇ ಹಿಡಿದುಕೊಂಡಿದ್ದ. ಯಾರಿಗೋ ಏನೋ ಆಗಿರಬೇಕು, ಮೌನ ಆಚರಿಸುತ್ತಿದ್ದಾರೆ ಎಂದುಕೊಂಡ ತಂಪಣ್ಣ. ಆಮೇಲೆ ನೋಡಿದರೆ ಅವರ ನಡುವೆ ಒಬ್ಬ ಮುದುಕ ಕೋಲು ಹಿಡಿದು ಚೆಂಡಿನ ಮುಂದೆ ನಿಂತಿದ್ದ. ನಿಂತಿದ್ದ ಅಂದರೆ ನಿಂತೇ ಇದ್ದ. ಕಾಲು ಸರಿಮಾಡಿಕೊಂಡ, ಕೈ ಒರೆಸಿಕೊಂಡ, ಮತ್ತೆ ಕಾಲು ಸರಿಮಾಡಿಕೊಂಡ. ‘ಬೇಗ ಹೊಡಿಯಪ್ಪಾ’ ಎಂದು ಯಾರೂ ಅನ್ನಲಿಲ್ಲ. ಅವನ ಕೈಯಿಂದ ಕೋಲು ಕಿತ್ತುಕೊಂಡು ತಾವೇ ಹೊಡೆಯಲಿಲ್ಲ. ಕೊನೆಗೂ ಅವನು ಹೊಡೆದ. ಚೆಂಡು ಹತ್ತು ಹೆಜ್ಜೆ ಉರುಳಿ ನಿಂತಿತು. ಆಗ ಎಲ್ಲರೂ ಒಮ್ಮೆಲೇ ಬಾಯಿಬಿಟ್ಟು ನಕ್ಕರು. ಮುದುಕನೂ ನಕ್ಕ. ಬಿಸ್ಕತ್ತು ಬಾಯೊಳಗೆ ಹೋಯಿತು.

ತಂಪಣ್ಣ ಕೈಯಲ್ಲಿ ಬಟ್ಟೆ ಹಿಡಿದು ಹಾಗೆಯೇ ನೋಡುತ್ತ ನಿಂತುಬಿಟ್ಟ. ಒಬ್ಬ ಮನುಷ್ಯನಿಗೆ ಬೇಕಾದಷ್ಟು ಹೊತ್ತು ಕೊಟ್ಟು ಉಳಿದವರು ಸುಮ್ಮನಿರುವುದನ್ನು ಅವನು ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

“ಏನಾಗಿದೆಯಪ್ಪಾ ಅದಕ್ಕೆ?” ಎಂದು ಹಿಂದಿನಿಂದ ಯಾರೋ ಕೇಳಿದರು. ಭಾನುವಾರಗಳಂದು ಅಲ್ಲಿ ಆಡಲು ಸೇರುವ ಬಳಗದ ಕ್ಯಾಪ್ಟನ್ ಅವರು. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಿಯಾದವರು, ಎಲ್ಲರೂ ದೊಡ್ಡ ಟೀಚರ್ ಎಂದು ಕರೆಯುತ್ತಿದ್ದರು. ಬಿಳಿ ಟೋಪಿ, ಕೈಯಲ್ಲಿ ಕಾಫಿಯ ಲೋಟ.

ಫ್ರಿಜ್ಜಿಗೆ ಏನೂ ಆಗಿರಲಿಲ್ಲ. ಗೋಡೆಗೆ ಒತ್ತಿಕೊಂಡಂತೆ ಇಟ್ಟಿದ್ದರಿಂದ ಬಿಸಿ ಹೊರಗೆ ಹೋಗುತ್ತಿರಲಿಲ್ಲ, ಅಷ್ಟೆ. ಹೇಳುವುದಾದರೆ ಗೋಡೆಯಿಂದಲೇ ಶುರು ಮಾಡಬೇಕು.

“ಗೋ...” ಎಂದ ತಂಪಣ್ಣ. “ಗೋ... ಗೋ...” ಕತ್ತಿನ ನರ ಉಬ್ಬಿತು. ಕಣ್ಣು ಮುಚ್ಚಿಕೊಂಡಿತು.

ದೊಡ್ಡ ಟೀಚರ್ ಲೋಟವನ್ನು ಮೇಜಿನ ಮೇಲಿಟ್ಟರು. ಆಮೇಲೆ ಏನೂ ಮಾಡಲಿಲ್ಲ. ಅಯ್ಯೋ ಪಾಪ ಎನ್ನುವ ಮುಖ ಮಾಡಲಿಲ್ಲ, ಕಿಟಕಿಯ ಕಡೆಗೂ ನೋಡಲಿಲ್ಲ. ಅವನು ಕಣ್ಣು ಬಿಟ್ಟಾಗ ಅವರು ಹಾಗೆಯೇ ಅಲ್ಲೇ ಇದ್ದರು.

“ಗೋಡೆಗೆ ಅಂಟ್ಕೊಂಡಿದೆ ಮೇಡಂ. ಬಿಸಿ ಹೋಗೋಕೆ ಜಾಗ ಇಲ್ಲ. ಒಂದು ಗೇ... ಗೇಣು ಮುಂದಕ್ಕೆ ಎಳೆದಿಟ್ರೆ ಸರಿಹೋಗುತ್ತೆ.”

“ಅಷ್ಟೇನಾ? ನಾವು ಹೊಸದೇ ತರಬೇಕೇನೋ ಅಂತಿದ್ವಿ. ಬಾ, ಒಂದು ಕೈ ಹಿಡಿ, ಎಳೆಯೋಣ.”

ಇಬ್ಬರೂ ಸೇರಿ ಎಳೆದರು. ಆಮೇಲೆ ಅವರು ಅವನ ದೃಷ್ಟಿ ಮತ್ತೆ ಕಿಟಕಿಯ ಕಡೆಗೆ ಹೋದದ್ದನ್ನು ಕಂಡು, “ಆಡ್ತೀಯೇನಪ್ಪಾ?” ಎಂದರು. “ಬರುತ್ತಾ ಅಂತ ಕೇಳ್ತಿಲ್ಲ. ನಮ್ಮಲ್ಲಿ ಯಾರಿಗೂ ಬರಲ್ಲ. ಆಡ್ತೀಯಾ ಅಂತ ಕೇಳ್ತಿದೀನಿ.”

ಮುಂದಿನ ಭಾನುವಾರ ಅವನು ಯಾರೋ ಕೊಟ್ಟ ಹಳೆಯ ಕೋಲುಗಳ ಚೀಲ ಹೆಗಲಿಗೇರಿಸಿ ಬಳಗದ ಜೊತೆ ನಡೆದ. ಚೆಂಡು ಹೊಡೆಯುವುದನ್ನು ಯಾರೂ ಕಲಿಸಲಿಲ್ಲ. ಕೇಳದೆ ಯಾರಿಗೂ ಬುದ್ಧಿ ಹೇಳಬಾರದು ಎನ್ನುವುದೇ ಅಲ್ಲಿಯ ಒಂದು ನಿಯಮವಾಗಿತ್ತು. ಆದರೆ ನಡೆದುಕೊಳ್ಳುವುದನ್ನು ಮಾತ್ರ ದೊಡ್ಡ ಟೀಚರ್ ದಾರಿಯುದ್ದಕ್ಕೂ ಹೇಳುತ್ತ ಬಂದರು. ಹೊಡೆಯುವವರ ಚೆಂಡಿನ ಮೇಲೆ ನಿನ್ನ ನೆರಳು ಬೀಳಬಾರದು. ಯಾರ ಚೆಂಡು ಕುಳಿಯಿಂದ ಎಲ್ಲಕ್ಕಿಂತ ದೂರ ಇದೆಯೋ ಅವರ ಸರದಿ ಮೊದಲು, ಹಿಂದೆ ಬಿದ್ದವರನ್ನು ಬಿಟ್ಟು ಮುಂದೆ ಓಡಬಾರದು. ಕೋಲು ಬಡಿದು ಹುಲ್ಲು ಕಿತ್ತು ಬಂದರೆ ಆ ಹೆಂಟೆಯನ್ನು ಹುಡುಕಿ ತಂದು ಅದೇ ಜಾಗದಲ್ಲಿ ಕೂರಿಸಿ ಕಾಲಿಂದ ಒತ್ತಬೇಕು. ಮರಳಿನ ಗುಂಡಿಯಿಂದ ಹೊರಬಂದರೆ ನಿನ್ನ ಹೆಜ್ಜೆ ಗುರುತನ್ನು ನೀನೇ ಅಳಿಸಬೇಕು. ಎಷ್ಟು ಹೊಡೆತವಾಯಿತು ಎನ್ನುವುದನ್ನು ನೀನೇ ಎಣಿಸಿ ನೀನೇ ಹೇಳಬೇಕು, ನಾವು ನಂಬುತ್ತೇವೆ.

“ಸು... ಸುಳ್ಳು ಹೇಳಿದ್ರೆ?” ಎಂದು ಕೇಳಿದ ತಂಪಣ್ಣ.

“ಆಗ್ಲೂ ನಂಬ್ತೀವಿ. ಕಷ್ಟ ಅವರಿಗೆ” ಎಂದರು ಅವರು.

ತಂಪಣ್ಣನ ಆಟ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಚೆಂಡಿಗಿಂತ ಹುಲ್ಲೇ ಹೆಚ್ಚು ದೂರ ಹಾರುತ್ತಿತ್ತು. ಆದರೆ ಕಿತ್ತ ಹುಲ್ಲನ್ನು ಅವನಷ್ಟು ಚೆನ್ನಾಗಿ ಮತ್ತೆ ಕೂರಿಸುವವರು ಇರಲಿಲ್ಲ. ಮಂಡಿಯೂರಿ, ಅಂಚು ಕೂಡಿಸಿ, ಅಂಗೈಯಿಂದ ತಟ್ಟುತ್ತಿದ್ದ. “ತಂಪಣ್ಣ ನಡೆದ ದಾರೀಲಿ ಗದ್ದೆ ಮಾಡಬಹುದು” ಎಂದು ನಗುತ್ತಿದ್ದವನು ಬೇಕರಿಯವನು, ಅಂದು ಬಿಸ್ಕತ್ತು ಹಿಡಿದು ನಿಂತಿದ್ದ ದಪ್ಪ ಮನುಷ್ಯ.

ಬಳಗದಲ್ಲಿ ಒಬ್ಬ ವಕೀಲರಿದ್ದರು. ಒಳ್ಳೆಯವರೇ, ಆದರೆ ಬಾಯಿಗೆ ಬ್ರೇಕಿಲ್ಲ. ಚೆಂಡಿನ ಮುಂದೆ ಯಾರಾದರೂ ನಿಂತಾಗ ಮಾತ್ರ ನಿಯಮಕ್ಕೆ ಹೆದರಿ ಸುಮ್ಮನಿರುತ್ತಿದ್ದರು. ಉಳಿದಂತೆ ಯಾರ ಮಾತನ್ನೂ ಮುಗಿಯಗೊಡುತ್ತಿರಲಿಲ್ಲ. ತಂಪಣ್ಣ ಒಮ್ಮೆ ಮಗಳ ಶಾಲೆಯ ವಿಷಯ ಹೇಳಲು “ನನ್ನ ಮಗಳು ಪ... ಪ...” ಎಂದಾಗ, “ಪಾಸಾದ್ಲಾ? ಪೇಟೆಗೆ ಹೋದ್ಲಾ? ಪ್ರೀತಿ ಗೀತಿ ಏನಾದ್ರೂ?” ಎಂದು ಮೂರು ಸಲ ಬಾಣ ಬಿಟ್ಟರು. ಆಗ ಬೇಕರಿಯವನು ತಣ್ಣಗೆ ಅಂದ: “ವಕೀಲರೇ, ಸ್ವಲ್ಪ ತಡೀರಿ. ತಂಪಣ್ಣ ಇನ್ನೂ ಹೊಡೆದಿಲ್ಲ.”

ಎಲ್ಲರೂ ಗೊಳ್ಳೆಂದು ನಕ್ಕರು, ವಕೀಲರೂ ಸೇರಿ. ನಕ್ಕು ಮುಗಿಸಿ ಎಲ್ಲರೂ ಸುಮ್ಮನೆ ನಿಂತರು. ಮಗಳು ಪದಕ ಗೆದ್ದಿದ್ದಳು. ಅದನ್ನು ತಂಪಣ್ಣ ತನ್ನ ಬಾಯಿಂದಲೇ ಹೇಳಿದ. ಆಮೇಲೆ ಆ ಮಾತು ಬಳಗದಲ್ಲಿ ಚಾಲ್ತಿಗೆ ಬಂತು. ಯಾರ ಮಾತನ್ನು ಯಾರು ತುಂಡರಿಸಿದರೂ, “ಅವರಿನ್ನೂ ಹೊಡೆದಿಲ್ಲ” ಎನ್ನುವುದು.

ಈ ರುಚಿ ಹತ್ತಿದ ಮೇಲೆ ಮನೆಯಲ್ಲಿ ಒಂದು ಸಣ್ಣ ಬಿರುಗಾಳಿ ಎದ್ದಿತು. ಒಂದು ಸಂಜೆ ಹೆಂಡತಿ ಎಂದಿನಂತೆ ಅವನ ಮಾತು ಮುಗಿಸಲು ಹೋದಾಗ ತಂಪಣ್ಣ ಕೈ ಎತ್ತಿ ತಡೆದ. “ನಾನೇ ಹೇ... ಹೇಳ್ತೀನಿ. ಸ್ವಲ್ಪ ಇರು.”

ಅವಳ ಮುಖ ಸಪ್ಪಗಾಯಿತು. “ಇಷ್ಟು ವರ್ಷ ನಿಮ್ಮ ಬಾಯಿ ನಾನೇ ಆಗಿದ್ದೆ. ಈಗ ಯಾರೋ ಹುಲ್ಲಲ್ಲಿ ಚೆಂಡು ಹೊಡೆಯೋರು ಸಿಕ್ಕಿದ್ರು, ನಾನು ಬೇಡವಾದೆ ಅಲ್ವಾ?”

“ಬೇಡ ಅಂತ ಅಲ್ಲ ಕಣೇ.”

“ಸರಿ, ಹೇಳಿ. ಅದೇನು ಹೇಳ್ಬೇಕೋ ಹೇಳಿ. ಬಾಯಿ ಮುಚ್ಕೊಂಡಿರ್ತೀನಿ.” ಅವಳು ಸ್ಟೂಲಿನ ಮೇಲೆ ಕೂತು ನಿಜಕ್ಕೂ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ತಂಪಣ್ಣ ಉಸಿರೆಳೆದುಕೊಂಡ. ಹೇಳಬೇಕಾದದ್ದು ದೊಡ್ಡದೇನಲ್ಲ. “ಕಾ... ಕಾಫಿಗೆ ಸಕ್ಕರೆ ಜಾಸ್ತಿ ಆಯ್ತು.”

“ಇವತ್ತಾ?”

“ಮದುವೆ ಆದಾಗಿಂದ.”

ಅವಳು ಒಂದು ಗಳಿಗೆ ಬೆಪ್ಪಾಗಿ ನೋಡಿದಳು. ಮದುವೆಯಾದ ಹೊಸದರಲ್ಲಿ ಅತ್ತೆಯ ಮುಂದೆ ಅವನು “ಸಕ್ಕರೆ... ಸ್ವ...” ಎಂದಾಗ, “ಸ್ವಲ್ಪ ಜಾಸ್ತಿ ಬೇಕಂತೆ” ಎಂದು ಅವಳೇ ಮುಗಿಸಿದ್ದಳು. ಅವನು ಹೇಳಲು ಹೊರಟದ್ದು ‘ಸ್ವಲ್ಪ ಸಾಕು’ ಎಂದು. ಅಂದಿನಿಂದ ಆ ಪಾನಕವನ್ನು ತುಟಿಪಿಟಕ್ಕೆನ್ನದೆ ಕುಡಿಯುತ್ತ ಬಂದಿದ್ದ. ಅವಳಿಗೆ ಮೊದಲು ಅಳು ಬಂತು, ಅಳುವಿನ ನಡುವೆಯೇ ನಗು ಬಂತು. “ಇನ್ನೂ ಏನೇನು ನುಂಗ್ಕೊಂಡಿದೀರೋ, ಒಂದೊಂದಾಗಿ ಕಕ್ಕಿ ಮಹರಾಯರೇ” ಎಂದಳು. ಆ ಸಂಜೆ ಅವರಿಬ್ಬರೂ ಬಹಳ ಹೊತ್ತು ಮಾತನಾಡಿದರು. ಅಥವಾ, ಅವನು ಮಾತನಾಡಿದ.

ಎಲ್ಲವೂ ಹೀಗೆ ಸರಾಗವಾಗಿಯೇ ಸಾಗಲಿಲ್ಲ. ಬಳಗದ ವಾರ್ಷಿಕ ಪಂದ್ಯದ ದಿನ ತಂಪಣ್ಣನ ಜೊತೆ ಬೇಕರಿಯವನೂ ಮತ್ತಿಬ್ಬರೂ ಇದ್ದರು. ಮುಂದಿನ ಗುಂಪು ವಕೀಲರದು. ಮುಂದಿನವರು ಸಾಕಷ್ಟು ದೂರ ಹೋಗುವವರೆಗೆ ಹೊಡೆಯಬಾರದೆಂಬುದು ನಿಯಮ. ತಂಪಣ್ಣ ಕಾದ. ಎದುರಿಗೆ ಯಾರೂ ಇಲ್ಲವೆಂದು ನೋಡಿಕೊಂಡೇ ಹೊಡೆದ. ಅಪರೂಪಕ್ಕೆ ಚೆಂಡು ಚೆನ್ನಾಗಿ ಹಾರಿತು. ಹಾರಿದ್ದು ಎಡಕ್ಕೆ ತಿರುಗಿತು. ಅದೇ ಹೊತ್ತಿಗೆ, ಕಳೆದುಹೋದ ಚೆಂಡು ಹುಡುಕುತ್ತ ಪೊದೆಯೊಳಗೆ ಕೂತಿದ್ದ ವಕೀಲರು ಎದ್ದು ನಿಂತರು.

ಚೆಂಡು ಜನರತ್ತ ಹೋದರೆ ಹೊಡೆದವರು ‘ಹುಷಾರ್’ ಎಂದು ಕೂಗಬೇಕು. ತಂಪಣ್ಣ ಬಾಯಿ ತೆರೆದ. “ಹು...” ಅಷ್ಟೇ. ಎದೆಯ ಗಾಳಿಯೆಲ್ಲ ಗಂಟಲಲ್ಲಿ ಸಿಕ್ಕಿಕೊಂಡಿತು. ಚೆಂಡು ಇಳಿಯುತ್ತಿರುವುದು ಕಾಣುತ್ತಿತ್ತು, ವಕೀಲರ ಬೆನ್ನು ಕಾಣುತ್ತಿತ್ತು. ಅದು ಹೋಗಿ ಅವರ ಹೆಗಲಿಗೆ ಬಡಿಯಿತು. ವಕೀಲರು ಕುಸಿದು ಕೂತರು.

ಮೂಳೆಗೆ ಏನೂ ಆಗಿರಲಿಲ್ಲ, ಹೆಗಲು ನೀಲಿಗಟ್ಟಿ ಊದಿಕೊಂಡಿತ್ತು. ಎಲ್ಲರೂ ಅವರ ಸುತ್ತ ಸೇರಿ ಐಸು ಒತ್ತುತ್ತಿದ್ದಾಗ ತಂಪಣ್ಣ ಕೋಲುಗಳ ಚೀಲವನ್ನು ಕ್ಯಾಂಟೀನಿನ ಮೂಲೆಗೆ ಒರಗಿಸಿಟ್ಟು ಮನೆಗೆ ನಡೆದುಬಿಟ್ಟ. ಕಿವಿಗೋ ಕಣ್ಣಿಗೋ ಬಿದ್ದಿದ್ದರೆ? ಒಂದೇ ಒಂದು ಪದ, ಅದನ್ನು ಕೂಗಲಾರದವನು ಅಲ್ಲಿಗೆ ಹೋಗಲೇಬಾರದು. ಮುಂದಿನ ಭಾನುವಾರ ಅಂಗಡಿ ತೆರೆದು ಕೂತ. ಅದರ ಮುಂದಿನ ಭಾನುವಾರವೂ. ಹೆಂಡತಿ ಸಕ್ಕರೆ ಕಡಿಮೆ ಹಾಕಿದ ಕಾಫಿ ಪಕ್ಕಕ್ಕಿಟ್ಟು ಹೋದಳು.

ಆಗ ಅಂಗಡಿಯ ಮುಂದೆ ಬೇಕರಿಯ ವ್ಯಾನು ಬಂದು ನಿಂತಿತು. ದೊಡ್ಡ ಟೀಚರ್, ಬೇಕರಿಯವನು, ಅವರ ಹಿಂದೆ ವಕೀಲರು ಇಳಿದರು. ತಂಪಣ್ಣ ತಡಬಡಿಸಿ ಎದ್ದು ನಿಂತ.

“ನಾನು ಕೇಸ್ ಹಾಕ್ಬೇಕು ಅಂತಿದೀನಿ” ಎಂದರು ವಕೀಲರು, ಗಂಭೀರವಾಗಿ.

ಒಳಗಿನಿಂದ ಹೆಂಡತಿ ಸರಕ್ಕನೆ ಬಂದಳು. “ಯಾರ ಮೇಲೆ ಸ್ವಾಮಿ?”

“ಮೂರು ಜನರ ಮೇಲೆ, ತಂಗೀ. ಮೊದಲ ಸಾಕ್ಷಿ ಇಲ್ಲೇ ಇದಾನೆ.” ವಕೀಲರು ಬೇಕರಿಯವನ ಕಡೆ ತಿರುಗಿದರು. “ಚೆಂಡು ನನ್ನ ಕಡೆ ಬರೋದನ್ನ ನೀನು ನೋಡಿದ್ಯಾ?”

“ನೋಡ್ದೆ.”

“ಕೂಗಿದ್ಯಾ?”

“ಇಲ್ಲ.”

“ಯಾಕೆ? ನಿನಗೆ ಬಾಯಿಲ್ವಾ? ಬೇಕರೀಲಿ ಇಡೀ ಬೀದಿಗೆ ಕೇಳೋ ಹಾಗೆ ಕೂಗ್ತೀಯಲ್ಲಾ?”

“ಹೊಡೆದವನು ಕೂಗ್ತಾನೆ ಅಂದ್ಕೊಂಡೆ” ಎಂದ ಬೇಕರಿಯವನು ನೆಲ ನೋಡುತ್ತ. “ರೂಲ್ಸ್ ಹಾಗಲ್ವಾ.”

“ಅದೇ ತಪ್ಪು!” ವಕೀಲರು ನೋವಿಲ್ಲದ ಕೈಯನ್ನು ಮೇಜಿಗೆ ಕುಟ್ಟಿದರು. “ನಾಲ್ಕು ಜನ ನಿಂತು ನೋಡಿದ್ದಾರೆ. ಕೂಗೋಕೆ ಪ್ರಯತ್ನ ಪಟ್ಟವನು ಒಬ್ಬನೇ, ಅವನೇ ತಂಪಣ್ಣ. ಉಳಿದ ಮೂವರು ಪ್ರಯತ್ನಾನೂ ಪಡಲಿಲ್ಲ. ಹೀಗಿರುವಾಗ ಮನೇಲಿ ಕೂತ್ಕೋಬೇಕಾದವರು ಯಾರು?”

ದೊಡ್ಡ ಟೀಚರ್ ಆಗ ಬಾಯಿಬಿಟ್ಟರು. “ನಿನ್ನೆ ಎಲ್ಲರೂ ಸೇರಿ ಒಂದು ನಿಯಮ ಬದಲಾಯಿಸಿದ್ವಿ. ಚೆಂಡು ಯಾರದಾದ್ರೂ ಆಗಿರ್ಲಿ, ಕೂಗೋ ಕೆಲಸ ಎಲ್ಲರದು. ಯಾರು ಮೊದಲು ನೋಡ್ತಾರೋ ಅವರು. ನಿನಗೋಸ್ಕರ ಮಾಡಿದ್ದು ಅಂತ ತಿಳ್ಕೋಬೇಡ. ಇದು ಮೊದಲೇ ಹೀಗಿರಬೇಕಿತ್ತು, ನಮಗೆ ಹೊಳೆದಿರಲಿಲ್ಲ.”

ತಂಪಣ್ಣ ಏನೋ ಹೇಳಲು ಹೊರಟ. ಮಾತು ಬರಲಿಲ್ಲ. ವಕೀಲರ ತುಟಿ ಅದುರತೊಡಗಿತು, ಮಾತು ತುಂಬಿ ಕೊಡುವ ಚಪಲ. ಅವರು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕಣ್ಣಗಲಿಸಿ ನಿಂತರು. ಅದನ್ನು ಕಂಡು ಅವನ ಹೆಂಡತಿಗೆ ನಗು ತಡೆಯಲಾಗಲಿಲ್ಲ.

“ನಂಗೂ ಕೂ... ಕೂಗೋದು ಬರ್ಬೇಕು” ಎಂದ ತಂಪಣ್ಣ. “ಕಲೀತೀನಿ. ಅಲ್ಲೀವರೆಗೂ ನೀವು ಕೂಗಿ.”

“ಕೂಗೋಣ” ಎಂದ ಬೇಕರಿಯವನು. “ಊರೇ ಎದ್ದು ಕೂರೋ ಹಾಗೆ ಕೂಗೋಣ. ಈಗ ವ್ಯಾನು ಹತ್ತು.”

ಆಮೇಲಿನ ವರ್ಷಗಳಲ್ಲಿ ತಂಪಣ್ಣನ ಉಗ್ಗು ಹೋಗಲಿಲ್ಲ. ಹೋಗುವಂಥದ್ದೂ ಅಲ್ಲ. ಆದರೆ ಅದಕ್ಕೆ ಹೆದರುವುದು ನಿಂತಿತು. ಗಿರಾಕಿಗಳ ಮನೆಯಲ್ಲಿ ಯಾರಾದರೂ ಅವನ ಮಾತಿಗೆ ಅಡ್ಡ ಬಂದರೆ, “ತಡೀರಿ, ಇನ್ನೂ ಮುಗಿದಿಲ್ಲ” ಎಂದು ನಗುತ್ತ ಹೇಳಲು ಕಲಿತ. ಜನ ತಡೆಯುತ್ತಿದ್ದರು. ಕೇಳಿದರೆ ಎಷ್ಟೋ ಜನ ತಡೆಯುತ್ತಾರೆ ಎನ್ನುವುದೇ ಅವನಿಗೆ ಹೊಸ ಸಂಗತಿ. ಇಷ್ಟು ವರ್ಷ ಅವನು ಕೇಳಿರಲಿಲ್ಲ.

ಬಳಗದಲ್ಲಿ ಕ್ಯಾಪ್ಟನ್‌ಗಿರಿ ವರ್ಷಕ್ಕೊಬ್ಬರದು. ತಂಪಣ್ಣನ ಪಾಳಿ ಬಂದಾಗ ಅವನು ಬೇಡವೆನ್ನಲಿಲ್ಲ. ಹೊಸದಾಗಿ ಸೇರಿದವರನ್ನು ಸ್ವಾಗತಿಸಿ, ನಿಯಮಗಳನ್ನು ತಿಳಿಸಿ, ನಾಲ್ಕು ಮಾತಾಡುವುದು ಕ್ಯಾಪ್ಟನ್ನರ ಕೆಲಸ. ಕ್ಯಾಂಟೀನಿನಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಹೆಂಡತಿ ಮುಂದೆ ಕೂತಿದ್ದಳು, ಪಕ್ಕದಲ್ಲಿ ಮಗಳು. ಮಂಡಿನೋವಿನಿಂದ ಆಟ ಬಿಟ್ಟಿದ್ದ ದೊಡ್ಡ ಟೀಚರನ್ನು ಅವನೇ ತನ್ನ ಗಾಡಿಯಲ್ಲಿ ಕರೆತಂದಿದ್ದ.

ನಿಯಮಗಳನ್ನು ಅವನು ಒಂದೊಂದಾಗಿ ಹೇಳಿದ. ಹೊತ್ತು ಹಿಡಿಯಿತು. ಕೊನೆಗೆ ಬಂದು ನಿಂತ. ‘ಥ್ಯಾಂಕ್ಸ್’ ಎನ್ನುವುದು ಅವನಿಗೆ ಸುಲಭವಾಗಿತ್ತು, ಆ ಪದದಲ್ಲಿ ಬೀಗವಿಲ್ಲ. ಆದರೆ ಅಂದು ಅದು ಅವನಿಗೆ ಸಾಲದಾಯಿತು.

“ನಿಮಗೆಲ್ಲ ನನ್ನ ಕೃ...” ಎಂದ. ನಿಂತ. “ಕೃ... ಕೃ...” ಉಸಿರು ಬಿಟ್ಟ. ಮತ್ತೆ ಎಳೆದುಕೊಂಡ. ಮಗಳು ತಾಯಿಯ ಕೈ ಹಿಡಿದಳು. ತಾಯಿ ಅಲುಗಾಡದೆ ಗಂಡನ ಮುಖವನ್ನೇ ನೋಡುತ್ತಿದ್ದಳು. ಯಾರೂ ಕುರ್ಚಿ ಸರಿಸಲಿಲ್ಲ.

“ಕೃತಜ್ಞತೆ” ಎಂದ ತಂಪಣ್ಣ. “ವಕೀಲರ ಹೆಗಲಿಗೆ ಒಂದು. ಟೀಚರಮ್ಮಂಗೆ ಒಂದು. ನನ್ನ ಹೆಂಡ್ತಿಗೆ ಎಲ್ಲಕ್ಕಿಂತ ದೊಡ್ಡದು. ಮಾತು ಬರದೇ ಇದ್ದಾಗ ನನ್ನ ಪರವಾಗಿ ಮಾತಾಡಿದ್ಲು, ಬಂದಾಗ ಸುಮ್ನಿದ್ಲು. ಎರಡೂ ಸುಲಭ ಅಲ್ಲ.”

ಅವನ ಹೆಂಡತಿ ಅಷ್ಟು ಜನರ ಮುಂದೆ ಅಳಬಾರದೆಂದುಕೊಂಡು ಬಂದಿದ್ದಳು, ಆದರೂ ಅತ್ತಳು. ವಕೀಲರು ಮೂಗು ಒರೆಸಿಕೊಂಡು, ಹೆಗಲಿಗೆ ಒಂದು ಸಾಲದು, ಬಡ್ಡಿ ಸೇರಿಸಿ ಎರಡು ಕೊಡಬೇಕು ಎಂದು ಗಲಾಟೆ ಮಾಡಿದರು.

ಆ ದಿನ ಹೊಸದಾಗಿ ಸೇರಿದವರಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬ ನರ್ಸ್ ಇದ್ದಳು. ಕೋಲು ಹಿಡಿದದ್ದೇ ಮೊದಲು. ಎರಡು ಸಲ ಗಾಳಿಗೆ ಬೀಸಿ, ಮೂರನೆಯ ಸಲ ಚೆಂಡನ್ನು ಮುಟ್ಟದೆ ದೊಡ್ಡದೊಂದು ಹುಲ್ಲಿನ ಹೆಂಟೆಯನ್ನು ಹಾರಿಸಿದಳು. ಕೆಂಪಾದ ಮುಖದಿಂದ, “ಅಯ್ಯೋ ಸರ್, ನೆಲಾನೇ ಹಾಳು ಮಾಡಿಬಿಟ್ಟೆ” ಎಂದಳು.

“ಬಾಮ್ಮಾ, ಇದು ನಂಗೆ ಚೆನ್ನಾಗಿ ಬರುತ್ತೆ” ಎಂದು ತಂಪಣ್ಣ ಹೆಂಟೆಯನ್ನು ಎತ್ತಿಕೊಂಡು ಬಂದು ಅವಳ ಪಕ್ಕ ಮಂಡಿಯೂರಿದ. ಬೇರಿನ ಮಣ್ಣನ್ನು ಉದುರಿಸದೆ ಹೇಗೆ ಹಿಡಿಯಬೇಕು, ಹುಲ್ಲಿನ ದಿಕ್ಕು ಹೇಗೆ ನೋಡಬೇಕು ಎಂದು ತೋರಿಸಿದ. ಬಿಸಿಲು ಏರುತ್ತಿತ್ತು. ಅವಳು ನೀರಿನ ಬಾಟಲಿ ತೆರೆದು ಅದರ ಮೇಲೆ ಸ್ವಲ್ಪ ನೀರು ಚಿಮುಕಿಸಿದಳು. ಹಾಗೆ ಮಾಡಬಹುದೆಂದು ತಂಪಣ್ಣನಿಗೆ ಅದುವರೆಗೆ ಹೊಳೆದೇ ಇರಲಿಲ್ಲ.